ದೊಡ್ಡಪ್ಪನಿಗೆ ಮಂಡಿಪೇಟೆ ಯಾಕೆ ಬಂದ್?

ಕಳೆದ ತಿಂಗಳು ದಾವಣಗೆರೆಯಿಂದ ಮದುವೆ ವಿಡಿಯೊ ಬಂತು. ಅಕ್ಕಿಕಾಳು ಹಾಕುವವರಲ್ಲಿ ನಮ್ಮವರೆಲ್ಲ ಇದ್ದರು, ದೊಡ್ಡಪ್ಪ ಮಾತ್ರ ಇರಲಿಲ್ಲ. ಸ್ವಂತ ಮೊಮ್ಮಗಳ ಮದುವೆ! ಫೋನ್ ಮಾಡಿ ಅಣ್ಣನನ್ನು ಕೇಳಿದೆ. "ಕೇಳಿದ್ದನ್ನೇ ಹತ್ತು ಸಲ ಕೇಳ್ತಾರೆ, ಬೀಗರ ಮುಂದೆ ಚೆನ್ನಾಗಿರಲ್ಲಪ್ಪ" ಎಂದ. ನೋಡಿಕೊಳ್ಳಲು ಒಬ್ಬ ಹುಡುಗನನ್ನು ಬಿಟ್ಟು, ಗೇಟಿಗೆ ಬೀಗ ಹಾಕಿ ಹೋಗಿದ್ದರಂತೆ.

ನನಗೆ ಚುಚ್ಚಿದ್ದು ಆ ಬೀಗ. ದೊಡ್ಡಪ್ಪ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿದ್ದವರು. ವ್ಯಾಪಾರ ಬಿಟ್ಟ ಮೇಲೂ ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಅತ್ತ ಕಡೆ ಒಂದು ಸುತ್ತು ಹೋಗಿ ಬರುವುದು ತಪ್ಪಿರಲಿಲ್ಲ. ಒಂದು ದಿನ ದಾರಿ ಗೊತ್ತಾಗದೆ ರೈಲ್ವೆ ಸ್ಟೇಷನ್ ಹತ್ತಿರ ನಿಂತಿದ್ದರು. ಗುರುತಿನ ಆಟೋದವನೊಬ್ಬ ಮನೆಗೆ ತಂದು ಬಿಟ್ಟ, ದುಡ್ಡೂ ತಗೊಳ್ಳಲಿಲ್ಲ. ಆಗಿದ್ದು ಇಷ್ಟೇ. ಅವತ್ತಿನಿಂದ ಮಂಡಿಪೇಟೆ ಬಂದ್, ದುಗ್ಗಮ್ಮನ ಜಾತ್ರೆ ಬಂದ್, ಕಟಿಂಗ್ ಮಾಡುವವನೂ ಮನೆಗೇ ಬರುತ್ತಾನೆ. ಯಾರಾದರೂ ಕೇಳಿದರೆ "ಸ್ವಲ್ಪ ಹುಷಾರಿಲ್ಲ" ಅನ್ನುವುದು. ವಯಸ್ಸಾಯ್ತು, ಅರಳು ಮರಳು ಅಂತ ಹೇಳಿದರೂ ಆದೀತು, ನೆನಪು, ಬುದ್ಧಿ ಕುಗ್ಗಿಸುವ ಡೆಮೆನ್ಷಿಯಾ ಎಂಬ ಕಾಯಿಲೆ ಅಂತ ಮಾತ್ರ ಬಾಯಿ ಬಿಡುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಇಂಥವರು ಬೀದಿಯಲ್ಲೇ ಕಾಣುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯ ಮುದುಕರು ಈಗಲೂ ಪೇಪರ್ ತರಲು ಒಬ್ಬರೇ ಹೋಗುತ್ತಾರೆ. ಚಿಲ್ಲರೆ ಎಣಿಸಲು ಬರದಿದ್ದರೆ ಅಂಗಡಿಯವಳು ಅವರ ಅಂಗೈಯಿಂದಲೇ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಾಳೆ. ಹಿಂದೆ ನಿಂತವರು ಸುಮ್ನೆ ಕಾಯುತ್ತಾರೆ. ಇದೆಲ್ಲ ಹುಟ್ಟುಗುಣ ಅಂದುಕೊಳ್ಳಬೇಡಿ, ಕಲಿಸಿದ್ದು. ಇಲ್ಲಿನ ಅಲ್‌ಝೈಮರ್ಸ್ ಸೊಸೈಟಿ ಎಂಬ ಸೇವಾಸಂಸ್ಥೆ 2013ರಲ್ಲಿ 'ಡೆಮೆನ್ಷಿಯಾ ಫ್ರೆಂಡ್ಸ್' ಅಂತ ಶುರು ಮಾಡಿ, ಅಂಗಡಿಯವರು, ಬ್ಯಾಂಕಿನವರು, ಶಾಲೆ ಮಕ್ಕಳು ಎಲ್ಲರನ್ನೂ ಕೂರಿಸಿ ಈ ಕಾಯಿಲೆ ಏನು, ಇಂಥವರ ಹತ್ತಿರ ಹೇಗೆ ಮಾತಾಡಬೇಕು ಅಂತ ಹೇಳಿಕೊಟ್ಟಿತು. ಬಾಗಿಲ ಬಳಿಯ ಕಪ್ಪು ಮ್ಯಾಟ್ ಅವರ ಕಣ್ಣಿಗೆ ಗುಂಡಿಯ ಹಾಗೆ ಕಾಣಬಹುದು, ಫಳಫಳ ಹೊಳೆಯುವ ನೆಲ ನೀರಿನ ಹಾಗೆ. ಅದಕ್ಕೇ ಎಷ್ಟೋ ಸಲ ಅವರು ಬಾಗಿಲಲ್ಲೇ ನಿಂತುಬಿಡುವುದು. ನಾವಾದರೆ ಹಟ ಅಂತೀವಿ.

ನನಗೆ ಜಾಸ್ತಿ ಹಿಡಿಸಿದ್ದು ಪೊಲೀಸರ ಒಂದು ಫಾರಂ. ಹೆಸರು ಹರ್ಬರ್ಟ್ ಪ್ರೋಟೋಕಾಲ್. ಆ ಹೆಸರು ಬಂದದ್ದು ಜಾರ್ಜ್ ಹರ್ಬರ್ಟ್ ಎಂಬವರಿಂದ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹೋರಾಡಿದವರು. ಕೊನೆಗಾಲದಲ್ಲಿ ಡೆಮೆನ್ಷಿಯಾ ಬಂದು, ಬಾಲ್ಯದ ಮನೆ ಹುಡುಕುತ್ತಾ ಹೋಗಿ ತೀರಿಕೊಂಡರು. ಆ ಫಾರಂನಲ್ಲಿ ಮನೆಯವರು ಮೊದಲೇ ಎಲ್ಲ ಬರೆದಿಡಬೇಕು: ಫೋಟೊ, ತೆಗೆದುಕೊಳ್ಳುವ ಮಾತ್ರೆ, ಹಿಂದೆ ಇದ್ದ ಮನೆ, ಕೆಲಸ ಮಾಡಿದ ಜಾಗ, ಹಿಂದೊಮ್ಮೆ ಕಳೆದುಹೋದಾಗ ಎಲ್ಲಿ ಸಿಕ್ಕಿದ್ದರು ಅಂತ. ಕಾಣೆಯಾದ ತಕ್ಷಣ ಪೊಲೀಸರ ಕೈಗೆ ಅದನ್ನು ಕೊಟ್ಟರಾಯಿತು. ಅಂದರೆ ಮನುಷ್ಯ ಹೊರಗೆ ಹೋಗಿಯೇ ಹೋಗುತ್ತಾನೆ ಅಂತ ಒಪ್ಪಿಕೊಂಡು ಮಾಡಿದ ಫಾರಂ ಇದು. ದೊಡ್ಡಪ್ಪನದು ತುಂಬಿಸುವುದಾದರೆ ಎರಡೇ ಸಾಲು ಸಾಕು, ಮಂಡಿಪೇಟೆ ಮತ್ತು ರೈಲ್ವೆ ಸ್ಟೇಷನ್. ಆ ಆಟೋ ಸ್ಟ್ಯಾಂಡಿನ ನಾಲ್ಕು ಜನಕ್ಕೆ ಒಂದು ಫೋಟೊ, ಒಂದು ಫೋನ್ ನಂಬರ್ ಕೊಟ್ಟಿಡಿ ಅಂದೆ. "ಆಟೋದವರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತದೆ" ಎಂದ ಅಣ್ಣ. ಗೊತ್ತಾಗಲಿ ಅಂತಲೇ ಅಲ್ವಾ ಹೇಳಿದ್ದು?

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಎಂಬ ಅಂದಾಜಿದೆ. ಇವರೆಲ್ಲ ಎಲ್ಲಿದ್ದಾರೆ? ದೇವಸ್ಥಾನದಲ್ಲಿ, ಖಾನಾವಳಿಯಲ್ಲಿ, ಬಸ್ಸಿನಲ್ಲಿ ನಾವು ಎಷ್ಟು ಜನರನ್ನು ನೋಡಿದ್ದೇವೆ? ಹೊಟ್ಟೆಗೆ, ಬಟ್ಟೆಗೆ ಕಮ್ಮಿ ಮಾಡಿಲ್ಲ ಅಂತ ಹೇಳಿಕೊಳ್ಳುತ್ತೇವೆ. ನಿಜ, ಕಮ್ಮಿ ಮಾಡಿಲ್ಲ. ಊರನ್ನೇ ಕಿತ್ತುಕೊಂಡಿದ್ದೇವೆ.

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಕಲ್ಯಾಣ ಮಂಟಪದ ವಾಲಗ, ಮೈಕು, ಜನಜಂಗುಳಿ ದೊಡ್ಡಪ್ಪನಿಗೆ ನಿಜವಾಗಿಯೂ ಆಗುತ್ತಿರಲಿಲ್ಲವೇನೋ. ಬೆಂಗಳೂರಿನಲ್ಲಿ ಪೊಲೀಸರ ಜೊತೆ ಸೇರಿ ನಡೆಸುವ 1090 ಹಿರಿಯರ ಸಹಾಯವಾಣಿ ಇದೆ, ನಿಮ್ಹಾನ್ಸ್ ಇದೆ, ಏನೂ ಇಲ್ಲ ಅನ್ನುವ ಹಾಗಿಲ್ಲ. ಇನ್ನು ರಾತ್ರಿ ಮೂರು ಗಂಟೆಗೆ "ಅಂಗಡಿ ತೆಗೀಬೇಕು" ಅಂತ ದೊಡ್ಡಪ್ಪ ಎದ್ದಾಗ ಪಕ್ಕದಲ್ಲಿ ಕೂತು ಸಮಾಧಾನ ಮಾಡುವವರು ಅತ್ತಿಗೆ, ಲೀಡ್ಸ್‌ನಲ್ಲಿ ಕೂತು ಬರೆಯುವ ನಾನಲ್ಲ. ಆ ಕೊನೆಮನೆಯ ಮುದುಕರಿಗೆ ರಾತ್ರಿ ಯಾರೂ ಇಲ್ಲ. ಮಗಳು ವಾರಕ್ಕೊಮ್ಮೆ ಬರುತ್ತಾಳೆ.

ಇನ್ನೊಂದು ವಿಷಯ. ಇಲ್ಲಿ ನಮ್ಮ ಪರಿಚಯದ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರಿದ್ದಾರೆ. ಕಾಯಿಲೆ ಬಂದ ಮೇಲೆ ಅವರ ಇಂಗ್ಲಿಷ್ ಹೊರಟೇಹೋಯಿತು. ಇಂಥವರು, ಅವರ ಮನೆಯವರು ಸೇರುವ ಮೆಮೊರಿ ಕೆಫೆಗೆ ಕರೆದೊಯ್ದರೆ ಎಲ್ಲರೂ ನಗುತ್ತಾ ಹಳೇ ಇಂಗ್ಲಿಷ್ ಹಾಡು ಹೇಳುತ್ತಾರೆ, ಇವರು ಗೋಡೆ ನೋಡುತ್ತಾ ಕೂರುತ್ತಾರೆ. ಈಗ ಶನಿವಾರ ಶನಿವಾರ ನಾವು ಒಂದೊಂದು ಮನೆಯವರು ಸರದಿಯಲ್ಲಿ ಹೋಗುತ್ತೇವೆ. "ಎಲ್ಲಿ ಹಾಳಾಗಿ ಹೋಗಿದ್ರಲೇ ಇಷ್ಟು ದಿನ" ಅಂತ ಬಾಯಿ ತುಂಬಾ ಬೈಯುತ್ತಾರೆ. ಆಮೇಲೆ ಚಹಾ ಕುಡಿದ್ರೇನು ಅಂತ ಕೇಳುತ್ತಾರೆ, ಹತ್ತು ಸಲ.