ಅವ್ವನನ್ನು ತ್ಯಾಗಮಯಿ ಅಂದವರಿಗೆ

ನಿನ್ನೆ ಅವ್ವನ ವರ್ಷದ ಪುಣ್ಯಸ್ಮರಣೆ ಇತ್ತು. ಧಾರವಾಡಕ್ಕೆ ಹೋಗಿ ಬಂದೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ಸ್ವಾಮಿಗಳ ಆಶೀರ್ವಚನ ಆದಮೇಲೆ ಬೀಗರು, ಓಣಿಯ ಹಿರಿಯರು ಸೇರಿ ಐದು ಮಂದಿ ಅವ್ವನ ಬಗ್ಗೆ ಮಾತಾಡಿದರು. ಎಲ್ಲರದೂ ಪ್ರೀತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಐದೂ ಮಂದಿಯ ಬಾಯಲ್ಲಿ ಬಂದದ್ದು ಒಂದೇ ಶಬ್ದ: ತ್ಯಾಗಮಯಿ. ತನಗಂತ ಏನೂ ಬೇಡದ ಜೀವ. ಮನೆ, ಮಕ್ಕಳು, ಪೂಜೆ, ಇಷ್ಟೇ ಆಕೆಯ ಲೋಕ. ಕೊನೆಗೆ ಮಾತಾಡಿದವರು, ಆ ತಾಯಿ ತನ್ನನ್ನೇ ತಾನು ಮರೆತು ಬದುಕಿದರು ಅಂದರು. ಕೂತವರೆಲ್ಲ ತಲೆದೂಗಿದರು. ನಾನು ಎದ್ದು ಹಿತ್ತಲಿಗೆ ಹೋದೆ.

ತನಗಂತ ಏನೂ ಬೇಡಲಿಲ್ಲವಂತೆ! ನಮ್ಮ ಮನೆಗೆ ಬಂದು ಹೋದವರಿಗೆ ಗೊತ್ತು, ಪಡಸಾಲೆಯ ಮೂಡಣ ಕಿಟಕಿ ಅವ್ವ ಕಸೂತಿಗೆ ಕೂಡುವ ಜಾಗ. ಬೆಳಕಿರುವಷ್ಟು ಹೊತ್ತು ಅಲ್ಲಿ ಬೇರೆ ಯಾರೂ ಕೂಡುವ ಹಾಗಿರಲಿಲ್ಲ, ಅಪ್ಪ ಪೇಪರ್ ಓದಲಿಕ್ಕೂ. ಕೇಳಿದ ಕೆಂಪು ಬರಲಿಲ್ಲ ಅಂತ ಒಮ್ಮೆ ರೇಷ್ಮೆ ದಾರದ ಲಡಿಯನ್ನು ಅಪ್ಪನ ಕೈಯಲ್ಲಿ ಎರಡು ಸಲ ಅಂಗಡಿಗೆ ವಾಪಸ್ ಕಳಿಸಿದ್ದಳು. ಅಪ್ಪ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದು ಬೆವರು ಒರೆಸಿಕೊಳ್ಳುತ್ತ "ಕೆಂಪು ಅಂದರ ಕೆಂಪಲ್ಲೇನ?" ಅಂದರೆ, ಅವ್ವ ದಾರವನ್ನು ಕಿಟಕಿಗೆ ಹಿಡಿದು, "ಇದು ಇಟ್ಟಂಗಿ ಕೆಂಪರೀ, ನನಗ ಕುಂಕುಮದ್ದು ಬೇಕು" ಅಂದಳು. ಮೂರನೇ ಸಲ ಅಪ್ಪ ಆಕೆಯನ್ನೇ ಹಿಂದೆ ಕೂರಿಸಿಕೊಂಡು ಹೋದರು.

ಮದುವೆಯಾದ ಮರುವರ್ಷದಿಂದ ಕಣ್ಣಿಗೆ ಪೊರೆ ಬರುವವರೆಗೆ, ನಲವತ್ತು ವರ್ಷದ ಮೇಲೆಯೇ ಆಯಿತು, ಅವ್ವ ಕಸೂತಿ ಹಾಕಿದಳು. ಇಳಕಲ್ ಸೀರೆಯ ಸೆರಗಿಗೆ, ಖಣದ ಕುಪ್ಪಸಕ್ಕೆ, ಓಣಿಯ ಕೂಸುಗಳ ತಲೆಗೆ ಹಾಕುವ ಕುಂಚಗಿಗೆ. ಗೋಪುರ, ತೇರು, ಅಂಬಾರಿ ಆನೆ, ಬಸವಣ್ಣ, ತೊಟ್ಟಿಲು, ಗಿಳಿ.

ಕಸೂತಿಯನ್ನು ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ಬಟ್ಟೆಯ ಮೇಲೆ ಪೆನ್ಸಿಲ್ ಗೀಟು ಇರುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಎಲ್ಲೂ ಗಂಟು ಬೀಳಬಾರದು. ಗವಂತಿ ಅನ್ನುವ ರೀತಿಯಲ್ಲಿ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಜಾಗ ತುಂಬುತ್ತಾರೆ. ಮುರಗಿ ಅನ್ನುವ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡೂ ಸರಿಯಾಗಿ ಬಿದ್ದರೆ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಹೇಳಲಿಕ್ಕೆ ಬರುವುದಿಲ್ಲ. ನೇಗಿ, ಮೆಂತೆ ಹೊಲಿಗೆಗಳ ರೀತಿ ಬೇರೆ. ಒಂದು ತೇರು ಎಬ್ಬಿಸಬೇಕಾದರೆ ಎಲ್ಲಿಂದ ಹೊರಟು, ಎಲ್ಲಿ ಕವಲೊಡೆದು, ಯಾವ ದಾರಿಯಿಂದ ಮರಳಿ ಬರಬೇಕು ಅನ್ನುವುದು ಮೊದಲ ಹೊಲಿಗೆಗೇ ಗೊತ್ತಿರಬೇಕು. ಮುಲ್ಕಿವರೆಗೆ, ಅಂದರೆ ಏಳನೇ ತರಗತಿವರೆಗೆ ಓದಿದ ನನ್ನ ಅವ್ವನ ತಲೆಯಲ್ಲಿ ಈ ಲೆಕ್ಕವೆಲ್ಲ ಇತ್ತು. ಒಂದು ಹಾಳೆಯ ಮೇಲೂ ಬರೆದಿಟ್ಟಿರಲಿಲ್ಲ. ಇದಕ್ಕೆ ನಿನ್ನೆಯ ಐದು ಭಾಷಣಗಳಲ್ಲಿ ಅರ್ಧ ವಾಕ್ಯವೂ ಸಿಗಲಿಲ್ಲ.

ಪೂಜೆಯ ಬಗ್ಗೆ ಹೇಳಿದರು. ಅದು ನಿಜ, ಲಿಂಗಪೂಜೆ ಆಗದೆ ಅವ್ವ ನೀರು ಸಹ ಮುಟ್ಟಿದವಳಲ್ಲ. ಆದರೆ ಪೂಜೆ ಬೇರೆ, ಸೂಜಿ ಬೇರೆ ಅನ್ನುವಂತೆ ಹೇಳಿದ್ದು ನನಗೆ ಸಹಿಸಲಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಎವೆಯಿಕ್ಕದೆ ನೋಡುತ್ತ ಕೂತವಳನ್ನು ಏನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಮಧ್ಯಾಹ್ನ ಅದೇ ಅಂಗೈಯ ಮೇಲೆ ಚಂದ್ರಕಾಳಿ ಸೀರೆಯ ಸೆರಗು ಹರವಿಕೊಂಡು, ಕಪ್ಪು ಬಟ್ಟೆಯ ಕಪ್ಪು ಎಳೆ ಎಣಿಸುವಾಗಲೂ ಅಷ್ಟೇ. ತುಟಿ ಮಾತ್ರ ಅಲುಗುತ್ತಿತ್ತು. ಎಣಿಸುತ್ತಿದ್ದಾಳೋ ಪಂಚಾಕ್ಷರಿ ಜಪಿಸುತ್ತಿದ್ದಾಳೋ ಅಂತ ಸಣ್ಣವಳಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಕೇಳಿದೆ. "ಎರಡೂ ಹೌದವಾ" ಅಂದಳು. 12ನೇ ಶತಮಾನದಲ್ಲಿ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಮೇಲೇ ವಚನ ಕಟ್ಟಿದಳು. ರಾಟೆಯ ಒಂದೊಂದು ಭಾಗದಲ್ಲೂ ದೇವರನ್ನು ಕಂಡವಳು ಆ ಶರಣೆ. ಆಕೆಯನ್ನು ನಾವು ನೂಲುವ ಕಾಯಕದಿಂದಲೇ ಗುರುತಿಸುತ್ತೇವೆ. ಹಾಗಿದ್ದ ಮೇಲೆ ನಮ್ಮ ಮನೆಯ ಶರಣೆಯ ಕಾಯಕ ಯಾಕೆ ಯಾರ ಬಾಯಲ್ಲೂ ಬರಲಿಲ್ಲ?

ಊಟಕ್ಕೆ ಕೂತಾಗ ಅಣ್ಣನ ಹತ್ತಿರ ಸಿಡುಕಿದೆ. "ತ್ಯಾಗ ಅಂದದ್ದು ಸುಳ್ಳೇನಲ್ಲಲ್ಲ" ಅಂದ. ಅಲ್ಲ, ಸುಳ್ಳಲ್ಲ. ನನ್ನ ಕಾಲೇಜು ಫೀಸಿಗೆ ಬಳೆ ಬಿಚ್ಚಿ ಕೊಟ್ಟವಳು ಆಕೆಯೇ. ವೈನಿ ಇನ್ನೊಂದು ಮಾತು ತೆಗೆದಳು: "ಅತ್ತಿಯವರ ಹೇಳತಿದ್ರಲ್ಲ, ಹೊತ್ತು ಹೋಗಲಿ ಅಂತ ಹಾಕತೀನಿ ಅಂತ." ಅದೂ ಖರೆ, ಹೊರಗಿನವರು ಕೇಳಿದಾಗಲೆಲ್ಲ ಅವ್ವ ಹಾಗೇ ಅನ್ನುತ್ತಿದ್ದಳು. ಹೊಗಳಿಸಿಕೊಳ್ಳಲಿಕ್ಕೆ ಸಂಕೋಚ ಪಡುವ ಹೆಂಗಸು ಇನ್ನೇನು ಹೇಳಿಯಾಳು? ಆಕೆಯ ಸಂಕೋಚವನ್ನೇ ಸಾಕ್ಷಿ ಮಾಡಿಕೊಂಡು ಆಕೆಯ ಕೆಲಸವನ್ನು ಹಗುರ ಮಾಡುವುದು ನನಗೆ ಒಪ್ಪಿತವಲ್ಲ. ಹೊತ್ತು ಹೋಗಲಿ ಅಂತ ಹಾಕುವವಳು ಮೂರು ದಿನದ ಹೊಲಿಗೆ ಬಿಚ್ಚುವುದಿಲ್ಲ. ನಾನೇ ನೋಡಿದ್ದೇನೆ. ಗೋಪುರ ಕಳಸದವರೆಗೆ ಏರಿತ್ತು. ಕೆಳಗೆಲ್ಲೋ ಒಂದೆಳೆ ತಪ್ಪಿದ್ದು ಆಗ ಕಣ್ಣಿಗೆ ಬಿತ್ತು. ಚಿಗವ್ವ, "ಯಾರಿಗೆ ಕಾಣತದ ಬಿಡ ಅಕ್ಕಾ" ಅಂದಳು. "ನನಗ ಕಾಣತದಲ್ಲ" ಅಂತ ಹೇಳಿ, ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ಸೀರೆಯ ಎಳೆ ಕೀಳದ ಹಾಗೆ ಪೂರ್ತಿ ಬಿಚ್ಚಿದಳು. ಅವತ್ತು ರಾತ್ರಿ ಆಕೆ ಸರಿಯಾಗಿ ಉಣ್ಣಲೂ ಇಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಅವ್ವ ಹೋದಾಗ ಮರಣದ ಫಾರ್ಮ್ ತುಂಬಿದವಳು ನಾನು. ವೃತ್ತಿ ಅಂತ ಒಂದು ಕಲಂ ಇತ್ತು. ಕೈ ನಡುಗುತ್ತಿತ್ತು, ಹಿಂದೆ ಜನ ನಿಂತಿದ್ದರು, ಒಂದು ಕ್ಷಣವೂ ಯೋಚಿಸದೆ "ಗೃಹಿಣಿ" ಅಂತ ಬರೆದೆ. ಆಕೆಯ ಕಸೂತಿಯ ದುಡ್ಡಿನಲ್ಲಿ ಪುಸ್ತಕ ಕೊಂಡು ಓದಿದ ಮಗಳು ಬರೆದದ್ದು ಇದು. 2011ರ ಜನಗಣತಿಯಲ್ಲೂ, ಮನೆಗೆಲಸವೇ ಮುಖ್ಯ ಅಂದ ಹೆಂಗಸರನ್ನು ಕೆಲಸಗಾರರಲ್ಲದವರ ಲೆಕ್ಕಕ್ಕೆ ಸೇರಿಸಿದ್ದರು. ಅದನ್ನು ಓದಿ ಸಿಟ್ಟಾದವಳು ನಾನು. ನನ್ನ ಕೈಗೆ ಪೆನ್ನು ಬಂದಾಗ ನಾನೂ ಅದನ್ನೇ ಮಾಡಿದೆ. ಐದು ಮಂದಿಯ ಮೇಲೆ ಸಿಟ್ಟಾಗಿ ಹಿತ್ತಲಿಗೆ ಹೋದವಳಿಗೆ ಅಲ್ಲಿ ನೆನಪಾದದ್ದು ಆ ಕಲಂ.

ಸಮಾಧಿಯ ಹೊತ್ತಿಗೆ ವಿಭೂತಿ ಹಚ್ಚಿ, ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು. ನಾನು ನೋಡುತ್ತಿದ್ದದ್ದು ಬಲಗೈ. ನಡುಬೆರಳ ತುದಿಯಲ್ಲಿ ಸೂಜಿ ಒತ್ತಿ ಒತ್ತಿ ಆಣಿಗಟ್ಟಿದ ಜಾಗ. ಕಸೂತಿ ಬಿಟ್ಟು ಎಷ್ಟು ವರ್ಷವಾಗಿದ್ದರೂ ಅದು ಮೆತ್ತಗಾಗಿರಲಿಲ್ಲ.

ಕಸೂತಿಗೆ ಇದು ಇಂಥ ಸೀಮೆಯದು ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದೆ, ನಮ್ಮ ಸೀಮೆಯ ಹೆಸರು ಉಳಿಯಿತು, ಸಂತೋಷ. ಹಾಕಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಅವ್ವ ಹಾಕಿದ ಸೀರೆಗಳಲ್ಲಿ ಹೆಚ್ಚಿನವು ವ್ಯಾಪಾರಿಯ ಕೈಗೆ ಹೋದವು. ಆತ ಸೀರೆಗೆ ಇಷ್ಟು ಅಂತ ಎಣಿಸಿ ಕೊಟ್ಟು ಒಯ್ಯುತ್ತಿದ್ದ. ಅವು ಯಾರ ಮದುವೆಯಲ್ಲಿ ಉಟ್ಟರೋ, ಯಾವ ಊರಿನ ಕಪಾಟಿನಲ್ಲಿವೆಯೋ ನಮಗೆ ತಿಳಿಯದು. ಮನೆಯಲ್ಲಿ ಉಳಿದದ್ದು ಒಂದು ಸೀರೆ, ಎರಡು ಕುಪ್ಪಸ, ನನ್ನ ಮಗ ಹಾಕಿಕೊಂಡ ಕುಂಚಗಿ. ಇನ್ನೂ ಎರಡು ಸೀರೆಗಳಿದ್ದವು, ಹಳೆಯವು ಅಂತ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡದ್ದು ನಿನ್ನೆಯೇ ಗೊತ್ತಾಯಿತು. ಯಾರು ಕೊಟ್ಟರು ಅಂತ ಇಲ್ಲಿ ಬರೆಯುವುದಿಲ್ಲ, ಅವರೂ ಅಳುತ್ತಿದ್ದರು.

ಈ ಪೋಸ್ಟ್ ಓದುವವರಲ್ಲಿ ಅವ್ವನ ಕೈಯ ಕಸೂತಿ ಇರುವವರು ಕೆಲವರಾದರೂ ಇದ್ದೀರಿ. ಮದುವೆಗೆ ಅಂತ ಕುಪ್ಪಸ ಹಾಕಿಸಿಕೊಂಡವರು, ಮಕ್ಕಳಿಗೆ ಕುಂಚಗಿ ಇಸಿದುಕೊಂಡವರು. ಟ್ರಂಕು ತೆಗೆದು ಹುಡುಕಿ, ಫೋಟೋ ಕಳಿಸಿ. ಬಟ್ಟೆ ಮಗುಚಿ ಹಿಂಬದಿಯದೂ ಒಂದು ತೆಗೆಯಿರಿ. ಸಿಕ್ಕವನ್ನೆಲ್ಲ ಒಂದು ಪುಸ್ತಕದಲ್ಲಿ ಅಂಟಿಸಿ, ಮೊದಲ ಹಾಳೆಯ ಮೇಲೆ ಅವ್ವನ ಹೆಸರು, ಕೆಳಗೆ "ಕಸೂತಿ ಕಾಯಕದವಳು" ಅಂತ ಬರೆಯಬೇಕೆಂದಿದ್ದೇನೆ. ಮುಂದಿನ ವರ್ಷದ ಸ್ಮರಣೆಯ ಕಾರ್ಡಿನಲ್ಲೂ ಅದನ್ನೇ ಹಾಕಿಸುತ್ತೇನೆಂದು ಅಣ್ಣ ಬೆಳಿಗ್ಗೆ ಫೋನಿನಲ್ಲಿ ಒಪ್ಪಿಕೊಂಡ.