ಹುಡುಗರಿಗೆ ಕರುಳೇ ಇಲ್ಲವೇನ್ರೀ?

"ಹುಡುಗೀರ ಮನಸ್ಸು ಮೆತ್ತಗೆ, ಹುಡುಗರಿಗೆ ಯಾರ ಕಷ್ಟವೂ ತಟ್ಟಲ್ಲ." ಹೈಸ್ಕೂಲ್ ಮಕ್ಕಳ ಮಾತು ಬಂದಾಗಲೆಲ್ಲ ಇದನ್ನು ಕೇಳಿ ಕೇಳಿ ಸಾಕಾಗಿದೆ.

ನ್ಯಾನ್ಸಿ ಐಸೆನ್‌ಬರ್ಗ್, ರ್‍ಯಾಂಡಿ ಲೆನನ್ ಎಂಬ ಮನೋವಿಜ್ಞಾನಿಗಳು 1983ರಲ್ಲೇ ಈ ಬಗೆಗಿನ ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದ್ದರು. ಪ್ರಶ್ನಾವಳಿ ಕೊಟ್ಟು "ಬೇರೆಯವರ ನೋವಿಗೆ ಮರುಗುತ್ತೀರಾ?" ಅಂತ ಕೇಳಿದರೆ ಹೆಣ್ಣು-ಗಂಡಿನ ಅಂತರ ದೊಡ್ಡದು. ಎದೆಬಡಿತದಂಥ ದೇಹದ ಗುರುತುಗಳನ್ನು ಅಳೆದರೆ ಅಂತರ ಹೆಚ್ಚುಕಡಿಮೆ ಮಾಯ! ಹುಡುಗನಿಗೂ ಒಳಗೆ ಚುರುಕ್ ಅನ್ನುತ್ತೆ, ಒಪ್ಪಿಕೊಳ್ಳೋಕೆ ಮುಜುಗರ ಅಂತಲೇ ನಾನು ಇದನ್ನು ಓದಿಕೊಳ್ಳೋದು.

ಹಾಗಂತ ವ್ಯತ್ಯಾಸವೇ ಇಲ್ಲ ಅನ್ನಲಾರೆ. ನೆದರ್ಲೆಂಡ್ಸ್‌ನಲ್ಲಿ 13ರಿಂದ 18ರವರೆಗೆ ಮಕ್ಕಳನ್ನು ಹಿಂಬಾಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಡುಗಿಯರ ಕಾಳಜಿ ಒಂದೇ ಮಟ್ಟದಲ್ಲಿತ್ತು. ಹುಡುಗರದು ಮೀಸೆ ಮೂಡುವ ಹೊತ್ತಿಗೆ ಇಳಿದು, ಆಮೇಲೆ ಮೊದಲಿನ ಮಟ್ಟಕ್ಕೆ ಬಂತು. ಹತ್ತನೇ ಕ್ಲಾಸಿನ ಮಗ ಮುಖ ಗಂಟು ಹಾಕಿಕೊಂಡು ಓಡಾಡ್ತಾನೆ ಅಂತ ಗಾಬರಿಯಾದ ಅಮ್ಮಂದಿರೇ, ಸ್ವಲ್ಪ ತಾಳಿ.

ಸರಿ, ಮನಸ್ಸಿನ ಮಾತು ಬಿಡಿ, ಸಹಾಯಕ್ಕೆ ಬರೋಣ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಾಯಚೂರು ಜಿಲ್ಲೆಯ ಹಿರೇರಾಯನಕುಂಪಿಯಲ್ಲಿ 12ರ ಆಸುಪಾಸಿನ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ಆಂಬ್ಯುಲೆನ್ಸ್ ಮುಂದೆ ಓಡುತ್ತ ದಾರಿ ತೋರಿಸಿದ. ಆ ವಿಡಿಯೋ ನೀವೂ ನೋಡಿರುತ್ತೀರಿ. ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು, ಬರಲೇಬೇಕಿತ್ತು. ಸಹಾಯದ ಬಗೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಮನೋವಿಜ್ಞಾನಿಗಳಾದ ಆಲಿಸ್ ಈಗ್ಲಿ ಮತ್ತು ಮೌರೀನ್ ಕ್ರೌಲಿ 1986ರಲ್ಲಿ ಹೇಳಿದ್ದೂ ಇದನ್ನೇ: ಅಪಾಯವಿದ್ದು, ನಾಲ್ಕು ಜನ ನೋಡುತ್ತಿದ್ದು, ಎದುರಿಗಿರುವವರು ಅಪರಿಚಿತರಾದರೆ ಗಂಡಸರು ಮುಂದೆ ಬರುತ್ತಾರೆ. ಸಂಶೋಧಕರು ಬಹುಪಾಲು ಅಳೆದದ್ದೂ ಅಂಥ ಸಹಾಯವನ್ನೇ.

ಅದೇ 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ತೆಗೆದು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚಿದವರು, ಆರು ವರ್ಷದಿಂದ ಮೇಲಿನ ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ, ಹೆಣ್ಣುಮಕ್ಕಳಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1. ಜ್ವರದ ತಮ್ಮನ ಪಕ್ಕ ಕೂತ ಹುಡುಗಿಯ ವಿಡಿಯೋ ಯಾರು ಮಾಡ್ತಾರೆ? ಅವಳು ಮಾಡಿದ್ದು ಸಹಾಯ ಅಂತ ಮನೆಯವರಿಗೇ ಅನ್ನಿಸಲ್ಲ. ಅದೇ ಮಗ ಒಂದು ದಿನ ತಟ್ಟೆ ತೊಳೆದರೆ ಫ್ಯಾಮಿಲಿ ಗ್ರೂಪ್ ತುಂಬ ಚಪ್ಪಾಳೆ.

ಮನೆಗೆಲಸಕ್ಕೂ ಮರುಗುವ ಮನಸ್ಸಿಗೂ ಏನು ಸಂಬಂಧ ಅಂತ ಕೇಳಬಹುದು. ಅಜ್ಜಿಗೆ ಮಂಡಿನೋವು ಎಷ್ಟಿದೆ ಅಂತ ಅವಳ ಮುಖ ನೋಡಿಯೇ ತಿಳಿಯೋದು ಹತ್ತಿರ ಕೂತವರಿಗೆ. "ನೀನು ಹೋಗಿ ಓದ್ಕೋ ಮಗಾ" ಅಂತ ನಾವು ಎಬ್ಬಿಸಿ ಕಳಿಸೋದು ಹುಡುಗನನ್ನೇ.