ಸತ್ಯಾಂಶ: ಕಾರವಾರದ 45 ದಿನದ ಚಳಿ ಪಟ್ಟಿ

"ಕಾರವಾರ, ಗೋಕರ್ಣದಲ್ಲಿ 45 ದಿನ ಶೀತಗಾಳಿ, ತಾರೀಖುವಾರು ಪಟ್ಟಿ ಇಲ್ಲಿದೆ" ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಂಬಬೇಡಿ.

ಮಧ್ಯಮಾವಧಿ ಮುನ್ಸೂಚನೆ ಎಂದರೆ 3ರಿಂದ 10 ದಿನ. ಅದರಾಚೆ ಇಂಥ ದಿನ ಇಷ್ಟೇ ಡಿಗ್ರಿ ಎನ್ನಲಾಗದು. ಇವತ್ತಿನ ಅಳತೆಯ ಸಣ್ಣ ತಪ್ಪು ದಿನದಿಂದ ದಿನಕ್ಕೆ ಬೆಳೆಯುತ್ತದೆ. ವಾರಗಟ್ಟಲೆ ಮುಂಚಿನ ಮುನ್ನೋಟ ಹೇಳುವುದು ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ.

ಕರಾವಳಿಯಲ್ಲಿ ಶೀತಗಾಳಿ ಎನ್ನಲು ಹವಾಮಾನ ಇಲಾಖೆಯ ಮಾನದಂಡವಿದೆ: ಕನಿಷ್ಠ ತಾಪಮಾನ 15 ಡಿಗ್ರಿ ಅಥವಾ ಕೆಳಗಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಿರಬೇಕು. ಬೆಚ್ಚಗಿನ ಕಡಲು ಪಕ್ಕದಲ್ಲೇ ಇರುವಾಗ ಅದು ಅಪರೂಪ. ಒಳನಾಡಿನ ಒಣಗಾಳಿಗೆ ಮೋಡವಿಲ್ಲದ ರಾತ್ರಿ ಕೂಡಿದರೆ ಮುಂಜಾನೆ ಚಳಿ. ಮೋಡ ಕವಿದರೆ ರಾತ್ರಿಯೂ ಸೆಕೆ.

ಪ್ರವಾಸ ಹೊರಡುವವರು ಮೂರು ದಿನ ಮುಂಚೆ ಮುನ್ಸೂಚನೆ ನೋಡಿದರೆ ಸಾಕು. ಸ್ವೆಟರ್ ಬೇಕಾಗುವುದು ಹೆಚ್ಚಾಗಿ ಬಸ್ಸಿನ ಎಸಿಗೆ.